ನೀರಿದ್ದ ಬಾಯ್ಲರು

ನಾರಾಯಣಪೇಟೆ,
ಪ್ರಮಾಥಿ ಸಂವತ್ಸರ, ಚೈತ್ರ ಬಹುಳ ಪಂಚಮಿ, ಆದಿತ್ಯವಾರ,
ಫಸಲಿ ೧೩೪೮

ಪ್ರೀತಿಯ ಸೊಸೆ ಅನ್ನಮ್ಮನಿಗೆ,

ನಿನ್ನ ಮಾವ ಮಹಾಂತಯ್ಯನ ಆಶೀರ್ವಾದ ಮೊದಲು ನಿನಗೆ, ಆಮೇಲೆ ನಿನ್ನ ಮಡಿಲಲ್ಲಿರುವ ನಮ್ಮ ಪುಟ್ಟ ವೀರಬಸಮ್ಮನಿಗೆ. ಬೇರೆ ಸುದ್ದಿಗೆ ಮುಂಚೆ ನಿನ್ನ ಕಾಲಿನ ವಿಚಾರ ಕೇಳುತ್ತೇನೆ. ಗಾಯ ಮಾಯ್ದಿದೆ, ಆದರೆ ಚರ್ಮ ಇನ್ನೂ ಕೆಂಪಗಿದೆ, ಬಿಸಿಲು ತಾಗಿದರೆ ಉರಿಯುತ್ತದೆ ಎಂದು ನಿನ್ನ ಗಂಡ ಆದೆಪ್ಪ ಹೇಳಿದ. ಬರಿಗಾಲಲ್ಲಿ ಅಂಗಳಕ್ಕೆ ಇಳಿಯಬೇಡವ್ವಾ. ನಿನ್ನ ತವರು ಗದ್ವಾಲದ ಬಂಡೆಗಲ್ಲು ಈ ತಿಂಗಳಲ್ಲಿ ಹೆಂಚಿನ ಹಾಗೆ ಕಾದಿರುತ್ತದೆ. ಲೋಳೆಸರದ ತಿರುಳು ಹಚ್ಚುವುದನ್ನು ಬಿಡಬೇಡ ಎಂದು ನಿನ್ನ ತಾಯಿ ಅನಂತಮ್ಮನವರಿಗೆ ನಾನು ಹೇಳಿದೆನೆಂದು ಹೇಳು. ಮಗು ಮಗ್ಗುಲಾಗುತ್ತದೆಯೇ? ರಾತ್ರಿ ನಿನಗೆ ನಿದ್ದೆ ಕೊಡುತ್ತದೆಯೇ? ಹಾಲು ಸಾಕಾಗುತ್ತದೆಯೇ? ಇದನ್ನೆಲ್ಲ ಆದೆಪ್ಪನನ್ನು ಕೇಳಿದರೆ ‘ಚಲೋ ಐತ್ರಿ’ ಎಂದು ಎರಡೇ ಮಾತಿನಲ್ಲಿ ಮುಗಿಸುತ್ತಾನೆ. ನಮ್ಮ ಎಮ್ಮೆ ಹೇಗಿದೆ ಎಂದು ಕೇಳಿದರೂ ಅವನು ಹೇಳುವುದು ಅಷ್ಟೇ.

ಮಾವನಾದವನು ಸೊಸೆಗೆ ನೇರವಾಗಿ ಕಾಗದ ಬರೆಯುವ ರೂಢಿ ನಮ್ಮ ಮನೆಯಲ್ಲಿಲ್ಲ. ಬರೆಯುವುದಿದ್ದರೆ ನಿನ್ನ ತಂದೆಯವರಿಗೆ ಬರೆಯಬೇಕು, ಕೊನೆಯ ಸಾಲಿನಲ್ಲಿ ನಿನ್ನನ್ನು ಕೇಳಿದೆನೆಂದು ಹಾಕಬೇಕು. ಆದರೆ ನಾನು ಹೇಳಬೇಕಾದದ್ದು ನಿನಗೆ, ಮತ್ತು ನಿನಗೆ ಓದು ಬರುತ್ತದೆ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಕನ್ನಡಕ ಕೇಳಿದರೆ ಅದನ್ನು ಹುಡುಕುವ ಗೊಡವೆಗೇ ಹೋಗದೆ, ಟಪಾಲನ್ನು ನೀನೇ ಬಿಚ್ಚಿ ಓದಿ ಹೇಳುತ್ತಿದ್ದೆ. ಸೊಲ್ಲಾಪುರದ ವ್ಯಾಪಾರಿಗಳು ನಮ್ಮ ಸೀರೆಯ ಅಂಚನ್ನು ಬೈದು ಬರೆದಿದ್ದರೆ ಆ ಭಾಗವನ್ನು ಮೆಲ್ಲಗೆ ನುಂಗಿಬಿಡುತ್ತಿದ್ದೆ. ನನಗೆ ಗೊತ್ತಾಗುತ್ತಿರಲಿಲ್ಲ ಎಂದುಕೊಂಡಿದ್ದೀಯೇನು? ಈ ಕಾಗದದಲ್ಲಿ ಮಾತ್ರ ಒಂದು ಸಾಲನ್ನೂ ನುಂಗಬೇಡ. ನನ್ನನ್ನು ನಾನೇ ಬೈದುಕೊಂಡು ಬರೆದಿರುವುದನ್ನೂ ಪೂರ್ತಿ ಓದು.

ಇಲ್ಲಿ ನಾವೆಲ್ಲ ಕ್ಷೇಮವೆಂದೇ ಹೇಳಬೇಕು. ನಿನ್ನ ಅತ್ತೆಯ ಮೊಣಕಾಲು ಮೆಟ್ಟಿಲು ಕಂಡಾಗ ಮಾತ್ರ ನೋಯುತ್ತದೆ, ಸಂತೆ ಎಂದರೆ ನೋಯುವುದಿಲ್ಲ. ಬಿಸಿಲು ಬಲವಾಗಿದೆ, ಮಗ್ಗದವರು ಬೆಳಗಿನ ಹೊತ್ತಷ್ಟೇ ನೇಯುತ್ತಿದ್ದಾರೆ. ಬಚ್ಚಲ ಮೂಲೆಯಲ್ಲಿ ಒಡೆದ ಬಾಯ್ಲರು ಹಾಗೆಯೇ ನಿಂತಿದೆ. ಚಳಿಗಾಲ ಪೂರ್ತಿ ಹಳೆಯ ಹಂಡೆಯನ್ನೇ ಅಂಗಳದಲ್ಲಿ ಮೂರು ಕಲ್ಲಿನ ಮೇಲಿಟ್ಟು ನೀರು ಕಾಯಿಸಿಕೊಂಡೆವು. ಒಂದೊಂದು ಕೊಡ ನೀರು ಹೊತ್ತು ಒಳಗೆ ತರುವಾಗಲೂ ನಿನ್ನ ಅತ್ತೆ ಗುರಮ್ಮ ನನ್ನ ಕಡೆ ನೋಡಿ, ‘ನಿಮ್ಮ ತಾಮ್ರದ ದೊರಿ ಆರಾಮ ನಿಂತಾನ ನೋಡ್ರಿ, ನಾವು ನೀರು ಹೊರತೀವಿ’ ಎಂದು ಕುಟುಕುತ್ತಿದ್ದಳು. ನಾನು ಕಿವುಡನಾಗುತ್ತಿದ್ದೆ. ಇತ್ತೀಚೆಗೆ ಆ ವಿದ್ಯೆ ನನಗೆ ಚೆನ್ನಾಗಿ ಹತ್ತಿದೆ.

ಆ ದೊರೆ ನಮ್ಮ ಮನೆಗೆ ಬಂದ ಕಥೆ ನಿನಗೆ ಗೊತ್ತಿರುವುದೇ. ಆದರೂ ಬರೆಯುತ್ತೇನೆ, ಏಕೆಂದರೆ ತಪ್ಪು ಅಲ್ಲಿಂದಲೇ ಶುರುವಾದದ್ದು. ರಾಯಚೂರಿನಲ್ಲಿ ಒಬ್ಬ ವಕೀಲರ ಮನೆಯಲ್ಲಿ ಉಳಿದಿದ್ದಾಗ ಬಾಯ್ಲರಿನಲ್ಲಿ ಕಾದ ನೀರಿನಿಂದ ಸ್ನಾನ ಮಾಡಿದೆ. ನಡುವೆ ಉರಿ, ಸುತ್ತ ನೀರು, ನಲ್ಲಿ ತಿರುಗಿಸಿದರೆ ಸಾಕು. ಮನೆಗೆ ಬಂದವನೇ ನಮ್ಮ ಕಂಚುಗಾರ ಅಂಜಯ್ಯನನ್ನು ಕರೆಸಿ, ನೆಲದ ಮೇಲೆ ಇದ್ದಿಲಿನಿಂದ ಚಿತ್ರ ಬರೆದು ತೋರಿಸಿದೆ. ಅವನು ಅಂಥದ್ದನ್ನು ಎಂದೂ ಮಾಡಿದವನಲ್ಲ, ನಾನು ಅಂಥದ್ದನ್ನು ಒಂದೇ ಸಲ ನೋಡಿದವನು. ಇಬ್ಬರೂ ಸೇರಿ ಮಾಡಿದೆವು. ಮೊದಲನೆಯ ದಿನ ಹೊಗೆಯ ಕೊಳವೆ ದೇವರ ಕೋಣೆಯ ಕಡೆ ತಿರುಗಿ, ಲಿಂಗಪೂಜೆಗೆ ಕೂತ ನನಗೇ ಕೆಮ್ಮು ಹಿಡಿಯಿತು. ನಲ್ಲಿ ನೆಲಕ್ಕೆ ಎಷ್ಟು ಹತ್ತಿರವಾಯಿತೆಂದರೆ ಕೆಳಗೆ ತಂಬಿಗೆ ಕೂಡ ಹಿಡಿಸಲಿಲ್ಲ, ಕಡೆಗೆ ನೆಲವನ್ನೇ ಅಗೆಸಿದೆವು. ನೀನು ಸೆರಗು ಅಡ್ಡ ಹಿಡಿದು ನಕ್ಕದ್ದನ್ನು ನಾನು ನೋಡಿದ್ದೇನೆ. ಆಮೇಲೆ ಮೇಲಿನ ಬಾಯಿಯ ಮಾತು ಬಂತು. ಅಂಜಯ್ಯ ಅದನ್ನು ಅಗಲವಾಗಿ ಇಡುತ್ತೇನೆಂದ. ಬಿಸಿಯೆಲ್ಲ ಅಲ್ಲಿಂದಲೇ ಹೋಗುತ್ತದೆ, ಚಿಕ್ಕದು ಮಾಡು ಎಂದು ನಾನು ಹಟ ಹಿಡಿದೆ. ಅವನು ತಲೆ ಕೆರೆದುಕೊಂಡು, ‘ಹಂಗಾದ್ರ ಅದನ್ನ ಯಾವತ್ತೂ ಮುಚ್ಚಬ್ಯಾಡ್ರಿ ಸಾವುಕಾರ್ರ. ಅದು ಉಸಿರಾಡಾಕ ಇರೋದು ಅದೊಂದ ದಾರಿ’ ಎಂದ. ಸರಿ ಸರಿ ಎಂದೆ. ನನ್ನ ಗಮನವೆಲ್ಲ ತಾಮ್ರದ ಹೊಳಪಿನ ಮೇಲಿತ್ತು.

ದೀಪಾವಳಿಯ ನೀರು ತುಂಬುವ ಹಬ್ಬ ಬಂತು. ವರ್ಷವೂ ಹಂಡೆಯನ್ನು ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ನೀರು ತುಂಬಿ ಪೂಜೆ ಮಾಡುವುದು ಹೆಂಗಸರು. ಈ ಸಲ ನನ್ನ ಬಾಯ್ಲರಿನ ಮೊದಲ ಹಬ್ಬ, ಪೂಜೆ ನಾನೇ ಮಾಡುತ್ತೇನೆಂದು ನಡು ಕಟ್ಟಿದೆ. ಊಟಕ್ಕೆಂದು ಕರೆದಿದ್ದ ಬಂಧುಗಳೆಲ್ಲ ನೋಡಲಿ ಎಂಬ ಆಸೆಯೂ ಇತ್ತು, ಸುಳ್ಳೇಕೆ ಹೇಳಲಿ. ನೀನು ಕೊಡಪಾನದಿಂದ ಎತ್ತಿ ಕೊಟ್ಟೆ, ಆದೆಪ್ಪ ಮಣೆ ಹತ್ತಿ ಸುರಿದ, ಕಂಠದವರೆಗೆ ನೀರು ತುಂಬಿದೆವು. ತುಂಬಿದ ಪಾತ್ರೆಯ ಬಾಯನ್ನು ಹಬ್ಬದ ದಿನ ಬರಿದೇ ಬಿಡಬಾರದಲ್ಲ. ಕಳಸಕ್ಕೆ ಇಡುವ ಹಾಗೆ ವೀಳ್ಯದೆಲೆ ಸುತ್ತ ಜೋಡಿಸಿ, ನಡುವೆ ತೆಂಗಿನಕಾಯಿ ಇಟ್ಟೆ. ಅಳತೆ ಹಿಡಿದು ಮಾಡಿಸಿದಂತೆ ಕೂತಿತು. ಉರುಳಬಾರದೆಂದು ಸುತ್ತ ಗೋಧಿಯ ಕಣಕ ಮೆತ್ತಿದೆ. ಅದೂ ಸಾಲದೆ ಅರಿಸಿನದ ದಾರವನ್ನು ಹುರಿ ಮಾಡಿ, ಎರಡು ಕಿವಿಗಳಿಗೆ ಬಿಗಿದು, ಕಾಯಿಯ ಮೇಲೆ ಐದು ಸುತ್ತು ಸುತ್ತಿ ಕಟ್ಟಿದೆ. ಬಟ್ಟೆಯ ಗಂಟು ಕಟ್ಟುವ ಕೈ ನನ್ನದು, ಅದು ಸಡಿಲ ಕಟ್ಟುವುದನ್ನು ಕಲಿತಿಲ್ಲ. ಹಂಡೆಯಾಗಿದ್ದರೆ ಮರುದಿನ ನೀರು ತೆಗೆಯುವವರು ಮೊದಲು ಕಾಯಿ ಎತ್ತಿ ಪಕ್ಕಕ್ಕಿಡುತ್ತಿದ್ದರು. ಬಾಯ್ಲರಿಗೆ ಕೆಳಗೆ ನಲ್ಲಿಯಿದೆ. ಮೇಲಿನ ಕಾಯಿಯ ತಂಟೆಗೆ ಯಾರು ಹೋಗಬೇಕು?

ಬೆಳಕು ಹರಿಯುವ ಮೊದಲು ನೀನು ಎದ್ದು ಉರಿ ಹಚ್ಚಿದೆ. ಎಲ್ಲರಿಗೂ ಎಣ್ಣೆ ನೀರಿನ ದಿನ, ಬೇಗ ಕಾಯಲಿ ಎಂದು ಒಳ್ಳೆಯ ಕಟ್ಟಿಗೆ ಹಾಕಿದೆ. ನಲ್ಲಿಯ ಹತ್ತಿರ ಬಗ್ಗುವಷ್ಟರಲ್ಲಿ ಕೆಳಗಿನ ಬೆಸುಗೆ ಬಾಯಿಬಿಟ್ಟು ಕುದಿನೀರು, ಹಬೆ, ಬೂದಿ ಎಲ್ಲ ಒಟ್ಟಿಗೆ ನುಗ್ಗಿತು. ನೀನು ಕೂಗಿದ್ದು ಕೇಳಿ ನಾವು ಓಡಿಬರುವ ಹೊತ್ತಿಗೆ ನೀರು ಬಚ್ಚಲ ಮೋರಿಯಲ್ಲಿ ಇಳಿದುಹೋಗಿತ್ತು. ನೀನು ಗೋಡೆ ಹಿಡಿದು ಒಂಟಿಕಾಲಲ್ಲಿ ನಿಂತಿದ್ದೆ, ಪಕ್ಕದಲ್ಲಿ ತಣ್ಣೀರಿನ ಕೊಡ ಉರುಳಿಬಿದ್ದಿತ್ತು. ಏಳು ತಿಂಗಳ ಬಸುರಿ. ಆ ಹೊತ್ತು ನಾನು ನಿಜವಾಗಿ ಹೆದರಿದ್ದೆ, ಅದನ್ನಾದರೂ ನಂಬು. ಆದರೆ ಹೆದರಿಕೆ ಇಳಿದ ಮೇಲೆ ನನ್ನೊಳಗಿನ ಸಾಹುಕಾರ ಎದ್ದು ಕೂತ. ಮಧ್ಯಾಹ್ನ ಊಟದ ಪಂಕ್ತಿಯಲ್ಲಿ ಯಾರೋ ಏನಾಯಿತೆಂದು ಕೇಳಿದರು. ನಾನು ಎಲ್ಲ ತಿಳಿದವನ ಹಾಗೆ, ‘ರಾತ್ರಿ ನಲ್ಲಿ ಸೋರಿ ನೀರು ಖಾಲಿಯಾಗಿತ್ತು. ಖಾಲಿ ಪಾತ್ರಿಗೆ ಉರಿ ಹಚ್ಚಿ, ಆಮ್ಯಾಲ ಗಾಬರಿಯಾಗಿ ಕೊಡದ ತಣ್ಣೀರು ಸುರದಾಳ. ನೀರಿದ್ದಿದ್ರ ಬೆಸುಗಿ ಬಿಡತಿರಲಿಲ್ಲ’ ಎಂದುಬಿಟ್ಟೆ. ನಿನ್ನ ಅತ್ತೆ ಆ ಮಾತನ್ನು ಅಲ್ಲಿಂದ ಎತ್ತಿಕೊಂಡು ನಿನ್ನ ತವರಿನ ತನಕ ಎಳೆದಳು. ನೀನು ಒಳಗಿನ ಕೋಣೆಯಲ್ಲಿ ಕಾಲಿಗೆ ಎಣ್ಣೆ ಬಟ್ಟೆ ಸುತ್ತಿಕೊಂಡು ಮಲಗಿದ್ದೆ, ಎಲ್ಲವೂ ಕೇಳುತ್ತಿತ್ತು. ಅಲ್ಲಿಂದಲೇ, ‘ನೀರಿತ್ರಿ ಮಾವಾರ’ ಎಂದೆ. ಹೋಳಿಗೆ ಬಡಿಸುವುದು ನಡೆದೇ ಇತ್ತು.

ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ತಣ್ಣೀರು ಸುರಿಯಬೇಕಾದರೆ ನೀನು ಆ ಹೊಟ್ಟೆ ಹೊತ್ತು ಮಣೆ ಹತ್ತಬೇಕಿತ್ತು. ಹತ್ತಿದರೂ ಎಲ್ಲಿ ಸುರಿಯುತ್ತಿದ್ದೆ? ಬಾಯಿಯ ಮೇಲೆ ನಾನು ಕಟ್ಟಿದ ಕಾಯಿ ಅಲ್ಲಾಡದೆ ಕೂತಿತ್ತು! ಬಚ್ಚಲಿಗೆ ಬಂದವರೆಲ್ಲ ಅದನ್ನು ನೋಡಿದರು. ಅಷ್ಟೆಲ್ಲ ಆದರೂ ಕಾಯಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು ಎಂದು ಗುರಮ್ಮ ಕೈ ಮುಗಿದಳು, ನಾನೂ ಮುಗಿದೆ. ದಾರ ಬಿಚ್ಚಿ, ಕಾಯಿಯನ್ನು ದೇವರ ಕೋಣೆಯಲ್ಲಿಟ್ಟೆವು. ಅದು ಮುಚ್ಚಳವೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಹೊಳೆದದ್ದು ಅಂಜಯ್ಯನಿಗೆ. ಅವನು ಮಕ್ತಲ್‌ನಲ್ಲಿ ಕೆಲಸ ಮುಗಿಸಿ ಬಂದದ್ದು ಕಾರ್ತಿಕದ ಕೊನೆಗೆ. ಅಷ್ಟರಲ್ಲಿ ನೀನು ಗದ್ವಾಲಕ್ಕೆ ಹೋಗಿ ಎರಡು ವಾರ ಕಳೆದಿತ್ತು. ಬಾಯ್ಲರನ್ನು ಅಂಗಳಕ್ಕೆ ಉರುಳಿಸಿ ಬಿಸಿಲಿನಲ್ಲಿ ತುಂಬಾ ಹೊತ್ತು ನೋಡಿದ. ಖಾಲಿ ಕಾದು ಬಿಟ್ಟ ಬೆಸುಗೆ ಮೇಣದ ಹಾಗೆ ಕರಗಿ ಹನಿಹನಿಯಾಗಿ ಇಳಿದಿರುತ್ತದಂತೆ. ಇಲ್ಲಿ ಒಂದು ಹನಿಯೂ ಇರಲಿಲ್ಲ, ಬೆಸುಗೆ ಹರಿದಿತ್ತು. ತಗಡು ಒಳಗಿನಿಂದ ಗುದ್ದಿದ ಹಾಗೆ ಹೊರಕ್ಕೆ ಉಬ್ಬಿತ್ತು. ಆಮೇಲೆ ಅವನು ಬಾಯಿಯ ಸುತ್ತ ಕಲ್ಲಿನಂತೆ ಬೆಂದು ಅಂಟಿದ್ದ ಕಣಕವನ್ನು ಉಗುರಿನಿಂದ ಕೆರೆದು, ‘ಇದೇನ್ರಿ ಇದು?’ ಎಂದ. ನಾನು ಹೇಳಿದೆ. ಅವನು ಬಾಯ್ಲರಿನ ಮೇಲೆ ಕೈ ಇಟ್ಟುಕೊಂಡೇ ಕೂತ. ‘ತುಂಬ ನೀರಿತ್ರಿ ಇದರಾಗ. ಹಬಿ ಹೋಗಾಕ ದಾರಿ ಇರಲಿಲ್ಲ. ಆ ಹುಡುಗಿ ತಪ್ಪು ಏನೂ ಇಲ್ಲ’ ಎಂದ. ಯಾರಿಗೂ ಹೇಳಬೇಡ, ನಾನೇ ಹೇಳುತ್ತೇನೆ ಎಂದು ಅವನ ಬಾಯಿ ಕಟ್ಟಿದೆ. ‘ನಿಮ್ಮ ಮನಿ ಮಾತು, ನೀವ ಹೇಳ್ರಿ. ತಡ ಮಾಡಬ್ಯಾಡ್ರಿ’ ಎಂದು ಹೋದ. ಅಂದಿನಿಂದ ನಮ್ಮ ಮನೆಯ ಮುಂದೆ ಹೋಗುವಾಗ ಅವನು ನನಗೆ ನಮಸ್ಕಾರ ಮಾಡುತ್ತಾನೆ, ಆದರೆ ನಿಲ್ಲುವುದಿಲ್ಲ.

ನಾನು ತಡ ಮಾಡಿದೆ, ಅನ್ನಮ್ಮ. ಮೊದಲು ನಿನಗೆ ಹೆರಿಗೆಯಾಗಲಿ, ಈಗ ಈ ಮಾತೇಕೆ ಎಂದುಕೊಂಡೆ. ಹೆರಿಗೆಯಾಯಿತು. ಆಮೇಲೆ ಮಗುವಿಗೆ ಹೆಸರಿಡುವ ದಿನ ಹೇಳೋಣವೆಂದುಕೊಂಡೆ. ಆ ದಿನ ಬಂದಾಗ ಬೆನ್ನು ಹಿಡಿದಿದೆ, ಗಾಡಿಯ ಕುಲುಕಾಟ ತಡೆಯುವುದಿಲ್ಲ ಎಂದು ನೆಪ ಹೇಳಿ ಮನೆಯಲ್ಲೇ ಉಳಿದೆ. ನನ್ನ ಬೆನ್ನಿಗೆ ಏನೂ ಆಗಿರಲಿಲ್ಲ. ನನ್ನ ತಾಯಿಯ ಹೆಸರನ್ನು ನನ್ನ ಮೊಮ್ಮಗಳಿಗೆ ಇಡುವಾಗ ನಾನು ಇಲ್ಲಿ ಅಂಗಡಿಯ ಗದ್ದುಗೆಯ ಮೇಲೆ ಗೋಡೆಗೆ ಒರಗಿ ಕೂತಿದ್ದೆ. ಆ ಮಗುವಿನ ಮುಖವನ್ನು ನಾನು ಇನ್ನೂ ನೋಡಿಲ್ಲ. ನಿನ್ನ ಕಣ್ಣನ್ನು ಎದುರಿಸುವ ಧೈರ್ಯವಿರಲಿಲ್ಲ, ಅಷ್ಟೇ. ಅರವತ್ತರ ಹತ್ತಿರ ಬಂದಿದ್ದೇನೆ, ಪೇಟೆಯಲ್ಲಿ ಯಾರದಾದರೂ ಜಗಳ ಬಂದರೆ ನ್ಯಾಯ ಹೇಳಲು ನನ್ನನ್ನು ಕರೆಯುತ್ತಾರೆ. ಇಪ್ಪತ್ತು ವರ್ಷದ ಸೊಸೆಗೆ ತಪ್ಪಾಯಿತೆಂದು ಹೇಳಲು ನನ್ನ ನಾಲಿಗೆ ಏಳಲಿಲ್ಲ.

ಯುಗಾದಿಯಾದ ಮೇಲೆ ಆದೆಪ್ಪ ನಿಮ್ಮಲ್ಲಿಗೆ ಬಂದನಲ್ಲ, ಐದನೆಯ ತಿಂಗಳಲ್ಲಿ ಕರೆತರಲು ದಿನ ಗೊತ್ತು ಮಾಡಿಕೊಂಡು ಬಾ ಎಂದು ಕಳಿಸಿದ್ದೆವು. ಬರಿಗೈಯಲ್ಲಿ ಬಂದ. ನಿನ್ನ ತಂದೆಯವರು ಬಿಸಿಲು ಇಳಿಯಲಿ ಎಂದು ಮರ್ಯಾದೆಯ ಮಾತು ಆಡಿದರಂತೆ. ನೀನು ಮಾತ್ರ ಉಳಿದದ್ದನ್ನು ಹೇಳಿಯೇ ಕಳಿಸಿದ್ದೀಯ: ‘ಎಲ್ಲಾರ ಮುಂದ ಆಡಿದ ಮಾತು, ಎಲ್ಲಾರ ಮುಂದ ತಗಿಬೇಕು. ಅಲ್ಲಿ ತನಕ ನಾ ಆ ಹೊಸ್ತಿಲ ದಾಟಾಂಗಿಲ್ಲ.’ ಇದನ್ನು ಕೇಳಿ ನಿನ್ನ ಅತ್ತೆ ಸಿಟ್ಟಿಗೆದ್ದಳು. ಆದೆಪ್ಪ ಇನ್ನೂ ಒಂದು ಮಾತು ಹೇಳಿದ. ತಪ್ಪು ಒಪ್ಪಿಕೊಂಡುಬಿಡು, ಇಷ್ಟಕ್ಕೆ ಮುಗಿಯುತ್ತದೆ, ನಮ್ಮಪ್ಪ ಸುಮ್ಮಸುಮ್ಮನೆ ಯಾರಿಗೂ ಅನ್ನುವವರಲ್ಲ ಎಂದು ಅವನು ನಿನಗೆ ಬುದ್ಧಿ ಹೇಳಿದನಂತೆ. ನೀನು ಎದ್ದು ಒಳಗೆ ಹೋದೆಯಂತೆ. ಇದನ್ನು ಹೇಳುವಾಗ ಅವನು ತಾನು ಸರಿಯಾದದ್ದನ್ನೇ ಮಾಡಿದೆನೆಂದು ನನ್ನ ಮುಖ ನೋಡಿದ. ಆ ಮೇಲೆ ನನಗೆ ಊಟ ಸೇರುತ್ತಿಲ್ಲ, ಮಗಳೇ.

ಆದ್ದರಿಂದ ಬರೆಯುತ್ತಿದ್ದೇನೆ. ಬಾಯ್ಲರಿನಲ್ಲಿ ನೀರಿತ್ತು. ಅದರ ಬಾಯಿ ಮುಚ್ಚಿದವನು ನಾನು. ಬಾಯಿ ಚಿಕ್ಕದು ಮಾಡಿಸಿದವನೂ ನಾನು. ನಿನ್ನ ಮೇಲೆ ಮಾತು ಹೊರಿಸಿದವನು ನಾನು, ಸುಳ್ಳೆಂದು ತಿಳಿದ ಮೇಲೂ ಐದು ತಿಂಗಳು ಅದನ್ನು ನಿನ್ನ ತಲೆಯ ಮೇಲೆಯೇ ಬಿಟ್ಟವನು ನಾನು. ನಿನ್ನ ಅತ್ತೆಯನ್ನು ಇದರಲ್ಲಿ ಸೇರಿಸಬೇಡ. ಅವಳ ಬಾಯಿ ಜೋರು, ನಿನಗೆ ಗೊತ್ತು. ಆದರೆ ನಿನ್ನ ಕಾಲು ನೋಡಿದ ದಿನ ಅವಳು ಅಡುಗೆಮನೆಯ ಕತ್ತಲಲ್ಲಿ ಕೂತು ಅತ್ತದ್ದು ನನಗೆ ಗೊತ್ತು. ಅವಳು ಅಂದದ್ದೆಲ್ಲ ನನ್ನ ಮಾತನ್ನು ನಂಬಿ ಅಂದದ್ದು. ಬರುವ ಅಮಾವಾಸ್ಯೆಗೆ ಅಂದು ಪಂಕ್ತಿಯಲ್ಲಿದ್ದವರನ್ನೆಲ್ಲ ಮತ್ತೆ ಕರೆಸಿ, ಅವರ ಮುಂದೆ ಇದನ್ನು ಹೇಳುತ್ತೇನೆ. ಅದುವರೆಗೆ ಈ ಕಾಗದ ನಿನ್ನ ಹತ್ತಿರ ಇರಲಿ. ನೀನು ಬರಬೇಕೋ ಬೇಡವೋ ಎಂಬುದನ್ನು ಅದಾದ ಮೇಲೆ ನೀನೇ ನಿರ್ಧರಿಸು. ಬರಲಿಲ್ಲವೆಂದರೆ ನಾನು ದೂರುವುದಿಲ್ಲ, ಯಾರಿಗೂ ದೂರಲು ಬಿಡುವುದಿಲ್ಲ.

ನಿನ್ನ ತಂದೆಯವರಿಗೆ, ಅನಂತಮ್ಮನವರಿಗೆ ನನ್ನ ಶರಣು. ಅವರ ಮಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆಂದು ಮದುವೆಯ ಚಪ್ಪರದಲ್ಲಿ ಮಾತು ಕೊಟ್ಟಿದ್ದೆ, ಅದನ್ನು ಉಳಿಸಿಕೊಳ್ಳದ್ದಕ್ಕೆ ಅವರ ಕ್ಷಮೆಯನ್ನೂ ಕೇಳುತ್ತೇನೆ. ಮಗುವಿನ ನೆತ್ತಿಗೆ ಎಣ್ಣೆ ಒತ್ತುವಾಗ ನನ್ನ ಹೆಸರಿನಲ್ಲಿಯೂ ಒಂದು ಬೊಟ್ಟು ಒತ್ತು. ನೀನೂ ಮಗುವೂ ನೂರು ವರ್ಷ ಸುಖವಾಗಿರಿ.

ನಿನ್ನ ಮಾವ,
ಮಹಾಂತಯ್ಯ

ತಾ.ಕ.: ಸೋಮವಾರ ಬೆಳಿಗ್ಗೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೂಡಿಸಿಕೊಂಡು ಓದು. ಟಪಾಲಿಗೆ ಹಾಕಲು ಉರ್ದುವಿನಲ್ಲಿ ವಿಳಾಸ ಬರೆದುಕೊಡು ಎಂದು ಆದೆಪ್ಪನನ್ನು ಕರೆದೆ. ಯಾರಿಗೆ ಎಂದ, ನಿನ್ನ ಹೆಂಡತಿಗೆ ಎಂದೆ. ‘ಏನ್ ಬರದೀರಿ ಅಪ್ಪಾ?’ ಎಂದು ಕೇಳಿದ. ಲಕೋಟೆ ಅಂಟಿಸಲು ನನ್ನ ಕೈ ಬರಲಿಲ್ಲ. ಅಮಾವಾಸ್ಯೆ ಎಂದು ಬರೆದದ್ದು ಇನ್ನೊಂದು ನೆಪವೆಂದು ನನಗೇ ತಿಳಿಯಿತು. ಆಗಿಂದಾಗಲೇ ಅಂದು ಊಟಕ್ಕಿದ್ದವರನ್ನೆಲ್ಲ, ಅಂಜಯ್ಯನನ್ನೂ, ಮನೆಗೆ ಕರೆಸಿದೆ. ಕಟ್ಟೆಯ ಮೇಲೆ ನಿಂತು ಈ ಕಾಗದವನ್ನು ಮೊದಲ ಸಾಲಿನಿಂದ ಸಹಿಯ ತನಕ ಗಟ್ಟಿಯಾಗಿ ಓದಿದೆ. ಒಂದು ಸಾಲನ್ನೂ ಬಿಡಲಿಲ್ಲ. ನಿನ್ನ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು, ‘ಬಸರಿ ಹುಡುಗಿಗೆ ನಾ ಏನಂದಬಿಟ್ಟೆ’ ಎನ್ನುತ್ತ ಕೂತಿದ್ದಾಳೆ. ನನ್ನೊಡನೆ ಮಾತಿಲ್ಲ, ಅದು ನ್ಯಾಯವೇ. ಆದೆಪ್ಪ ನನ್ನನ್ನು ಒಂದೇ ಮಾತು ಕೇಳಿದ, ‘ಕಾರ್ತಿಕದಿಂದ ಗೊತ್ತಿತ್ತಾ?’ ಎಂದು. ಹೌದೆಂದೆ. ಆಮೇಲೆ ಅವನು ಹೋಗಿ ಗಾಡಿ ಹೂಡಿದ. ಮಕ್ತಲ್ ದಾರಿ ಹಿಡಿದು, ಕೃಷ್ಣೆಯನ್ನು ಹರಗೋಲಿನಲ್ಲಿ ದಾಟಿ, ಧರೂರಿನ ಮೇಲೆ ನಾಳೆ ಸಂಜೆಯೊಳಗೆ ನಿಮ್ಮ ಬಾಗಿಲಿಗೆ ಬರುತ್ತಾನೆ. ಕಾಗದ ಅವನ ಕೈಯಲ್ಲೇ ಬರುತ್ತದೆ. ನನ್ನನ್ನು ಎಷ್ಟು ದಿನ ಬೇಕಾದರೂ ಹೊರಗೆ ನಿಲ್ಲಿಸು, ಅನ್ನಮ್ಮ, ಅವನನ್ನು ಮಾತ್ರ ನಿಲ್ಲಿಸಬೇಡ. ಅವನು ಮಾಡಿದ ತಪ್ಪು ಒಂದೇ, ಅಪ್ಪನ ಮಾತನ್ನು ನಂಬಿದ್ದು.